ಸರ್‌ನೇಮ್ ಇಲ್ಲದ ವಂಶವೃಕ್ಷ

ಬಸವನಗುಡಿಯಲ್ಲಿ ರಿಟೈರಾದವರಿಗೆ ಈಗ ವಂಶವೃಕ್ಷದ ಗೀಳು. ಅಮೆರಿಕದ ಮೊಮ್ಮಗ ಫೋನಿಗೊಂದು ಆ್ಯಪ್ ಹಾಕಿಕೊಟ್ಟರೆ ಸಾಕು, ತಾತ ಪೂರ್ವಜರ ಬೇಟೆಗೆ ಸಿದ್ಧ.

ಮೊದಲ ಪೆಟ್ಟು 'ಸರ್‌ನೇಮ್' ಖಾನೆಯದ್ದು. ನಮ್ಮಲ್ಲಿರುವುದು ಇನಿಷಿಯಲ್ಲು: ಒಂದಕ್ಷರ ಊರು, ಒಂದಕ್ಷರ ಅಪ್ಪ. ಖಾಲಿ ಬಿಟ್ಟರೆ ಆ್ಯಪ್ ಕೆಂಪಾಗುತ್ತದೆ. ನಮ್ಮ ದೊಡ್ಡಪ್ಪ ಅಲ್ಲಿ ಗೋತ್ರ ತುಂಬಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಜಗತ್ತಿನ ಭಾರದ್ವಾಜರೆಲ್ಲ ನೆಂಟರಿರಬಹುದೆಂಬ ಸೂಚನೆ! "ಅಷ್ಟು ಜನಕ್ಕೆ ಕಾಫಿ ನನ್ನ ಕೈಲಾಗಲ್ಲ" ಅಂದರು ದೊಡ್ಡಮ್ಮ.

ತಾತನ ಹೆಸರನ್ನೇ ಮೊಮ್ಮಗನಿಗಿಡುವ ಮನೆಗಳಲ್ಲಂತೂ ವೆಂಕಟರಾಮಯ್ಯ, ಸುಬ್ಬರಾಯ, ಮತ್ತೆ ವೆಂಕಟರಾಮಯ್ಯ. "ಇಬ್ಬರೂ ಒಬ್ಬರೇನಾ? ಸೇರಿಸಲಾ?" ಅನ್ನುತ್ತದೆ ಆ್ಯಪ್. ಹೂಂ ಅಂದರೆ ತನಗೆ ತಾನೇ ತಾತ.

ಆನ್‌ಲೈನಲ್ಲಿ ಸರಕಿಗೇನೂ ಬರವಿಲ್ಲ. ಬಿ. ಎಲ್. ರೈಸ್ 1905ರಲ್ಲಿ ತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟ ಪುಕ್ಕಟೆ ಸಿಗುತ್ತದೆ. ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನೇ 3ಡಿ ಸ್ಕ್ಯಾನ್ ಮಾಡಿದ್ದಾರೆ. ಅಲ್ಲಿರುವವರೋ ಭೂಮಿ ದಾನ ಕೊಟ್ಟವರು, ಕಾದಾಡಿ ಸತ್ತವರು. ನಮ್ಮ ಮನೆತನಕ್ಕೆ ಎರಡೂ ಒಗ್ಗಿದ ಹಾಗಿಲ್ಲ. ಹರಿದ್ವಾರದ ಪಂಡಾಗಳು ಯಾತ್ರಿಕರ ವಂಶಾವಳಿ ಬರೆದಿಟ್ಟ ವಹಿಗಳೂ ಫ್ಯಾಮಿಲಿಸರ್ಚ್‌ನಲ್ಲಿವೆ. ಆದರೆ ನಮ್ಮ ಮುತ್ತಾತನ ತೀರ್ಥಯಾತ್ರೆ ಪಕ್ಕದ ಗವಿಗಂಗಾಧರೇಶ್ವರಕ್ಕೇ ಮುಗಿದಿತ್ತು. ಉತ್ತರ ಕರ್ನಾಟಕದವರೇ ಪುಣ್ಯವಂತರು: ಹೆಳವರು ಎತ್ತಿನ ಮೇಲೆ ಮನೆಬಾಗಿಲಿಗೇ ಬಂದು ವಂಶಾವಳಿ ಒಪ್ಪಿಸುತ್ತಿದ್ದರು, ಪಾಸ್‌ವರ್ಡ್ ಕೇಳದೆ.

ಮೂರು ತಲೆಮಾರು ಶ್ರಾದ್ಧದ ಪುರೋಹಿತರಿಗೆ ಬಾಯಿಪಾಠ. ನಾಲ್ಕನೆಯದಕ್ಕಾಗಿ ದೊಡ್ಡಪ್ಪ ಚಾಮರಾಜಪೇಟೆಯ ತೊಂಬತ್ತು ದಾಟಿದ ಸೋದರತ್ತೆಗೆ ವಿಡಿಯೊ ಕಾಲ್ ಮಾಡಿದ್ದಾರೆ. ಹೆಸರಿನ್ನೂ ಹೊರಬಿದ್ದಿಲ್ಲ, ಅತ್ತೆ ಬೆಳ್ಳಿ ಪಂಚಪಾತ್ರೆ ಯಾರ ಪಾಲಿಗೆ ಹೋಯಿತೆಂಬ ವಿಚಾರಣೆ ಶುರುಮಾಡಿದ್ದಾರೆ.