‘ನನ್ನೆದುರು ವಾಟ್ ಲೆಕ್ಕ ಹೇಳಬೇಡಿ’

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಅಪೋಜಿ ಕಂಪನಿ 1980ರ ದಶಕದಲ್ಲಿ ಹೊರತಂದ ಸ್ಪೀಕರ್ ‘ಸಿಂಟಿಲಾ’. ಪೆಟ್ಟಿಗೆಯಿಲ್ಲ, ಕೋನ್ ಇಲ್ಲ. ಚಪ್ಪಟೆ ಫಲಕದಲ್ಲಿ ಬಿಗಿದ ಅಲ್ಯೂಮಿನಿಯಂ ರಿಬ್ಬನ್‌ಗಳೇ ಹಾಡುತ್ತವೆ. ಆಂಪ್ಲಿಫೈಯರ್‌ಗಳ ಪಾಲಿಗೆ ಯಮ ಎಂಬ ಖ್ಯಾತಿ. ಕಿವಿಗಿಂತ ಕ್ಯಾಟಲಾಗನ್ನು ಹೆಚ್ಚು ನಂಬುವ ಗ್ರಾಹಕರ ಪರವಾಗಿ ಅದನ್ನು ಮಾತಾಡಿಸಿದೆವು.

ನಿಮ್ಮ ಮೇಲೆ ಸರಣಿ ಕೊಲೆಯ ಆರೋಪವಿದೆ.

ಕೊಲೆ ಅಲ್ಲ ಸ್ವಾಮಿ, ಅವೇ ಬಂದು ಸತ್ತವು. ನನ್ನ ಪ್ರತಿರೋಧ 1 ಓಮ್ ಅಂತ ನಾನೇನೂ ಬಚ್ಚಿಟ್ಟಿರಲಿಲ್ಲ. 8 ಓಮ್‌ನ ಸಾಧು ಸ್ಪೀಕರಿಗೆ 100 ವಾಟ್ ಕೊಡೋದು ಅಂದ್ರೆ ಸುಮಾರು 28 ವೋಲ್ಟ್, ಮೂರೂವರೆ ಆಂಪಿಯರ್. ಅದೇ 28 ವೋಲ್ಟ್ ಹಿಡ್ಕೊಂಡು ನನ್ನ ಹತ್ರ ಬಂದ್ರೆ ನಾನು 28 ಆಂಪಿಯರ್ ಕೇಳ್ತೀನಿ. ಅಲ್ಲಿಗೆ 800 ವಾಟ್ ಆಯ್ತು. ಇದ್ರೆ ಕೊಡಬೇಕು, ಇಲ್ಲದಿದ್ರೆ ಫ್ಯೂಸ್ ಕೊಡಬೇಕು.

ಪಾಪದ ಗ್ರಾಹಕ ಕ್ಯಾಟಲಾಗ್ ಓದೋದು ಹೇಗೆ?

ದಪ್ಪ ಅಕ್ಷರದಲ್ಲಿರೋದನ್ನ ಬಿಟ್ಟು ಓದಲಿ. ಆಂಪ್ಲಿಫೈಯರ್ 8 ಓಮ್‌ಗೆ 100 ವಾಟ್, 4ಕ್ಕೆ 200, 2ಕ್ಕೆ 400 ಅಂತ ಬರೆದು ಹಾಗೇ ನಡೆದುಕೊಂಡರೆ ಅದರ ಟ್ರಾನ್ಸ್‌ಫಾರ್ಮರ್‌ನಲ್ಲಿ ತಾಕತ್ತಿದೆ ಅಂತ. 8ಕ್ಕೆ 100, 4ಕ್ಕೆ 120 ಅಂತ ಹೇಳಿ ಅಲ್ಲಿಂದಾಚೆ ಮೌನವ್ರತ ಹಿಡಿದರೆ ನನ್ನಿಂದ ದೂರ ಇರಲಿ. ಆಂಪ್ಲಿಫೈಯರ್ ಮಾಡುವ ಕ್ರೆಲ್ ಕಂಪನಿಯವರು ನನ್ನನ್ನ ಓಡಿಸಿಯೇ ದೊಡ್ಡ ಹೆಸರು ಮಾಡಿಕೊಂಡರು. ನಾನು ರಾಯಲ್ಟಿ ಕೇಳಲಿಲ್ಲ. ಅವರದು ಕ್ಲಾಸ್ ಎ ಆಂಪ್. ಹಾಡು ಬರಲಿ ಬಿಡಲಿ, ಕಾಯ್ತಲೇ ಇರುತ್ತೆ. ಚಳಿ ದೇಶದಲ್ಲಿ ಹೀಟರ್ ಖರ್ಚು ಉಳಿಯುತ್ತಿತ್ತು.

ಕ್ಲಿಪ್ಶ್‌ಹಾರ್ನ್ ಸ್ಪೀಕರಿನವರಿಗೆ ಏಳೆಂಟು ವಾಟಿನ ವಾಲ್ವ್ ಆಂಪ್ ಧಾರಾಳ ಸಾಕಂತೆ?

(ಮುಖ ಸಿಂಡರಿಸಿ) 1946ರ ಮುದುಕ. ಕೋಣೆಯ ಮೂಲೆಯಲ್ಲಿ ಕೂತು ಗೋಡೆಗಳನ್ನೇ ತನ್ನ ಕಹಳೆ ಮಾಡಿಕೊಂಡಿದೆ. ಕಂಡವರ ಮನೆಯ ಗೋಡೆ! ಒಂದು ವಾಟಿಗೆ ಅದು ನೂರು ಡೆಸಿಬೆಲ್ ದಾಟುತ್ತೆ, ನಾನು ಎಂಬತ್ತರ ಆಸುಪಾಸು. ವ್ಯತ್ಯಾಸ ಬರೀ 20 ಅಂತ ಕಾಣುತ್ತೆ ಅಲ್ವಾ? ಅದನ್ನ ತುಂಬೋಕೆ ನೂರು ಪಟ್ಟು ವಾಟ್ ಬೇಕು. ಬರ್ಕೊಳ್ಳಬೇಡಿ ಇದನ್ನ.

100 ವಾಟ್ ಬಿಟ್ಟು 200 ವಾಟ್ ಕೊಂಡವರಿಗೆ ಸಿಗೋದೆಷ್ಟು?

3 ಡೆಸಿಬೆಲ್. ಎರಡರಷ್ಟು ಜೋರು ಅಂತ ಕಿವಿಗೆ ಅನ್ನಿಸಬೇಕಾದರೆ ಹತ್ತು ಪಟ್ಟು ವಾಟ್ ಬೇಕು. ಬಿಲ್ಲಿಗೆ ಮಾತ್ರ ಈ ಡೆಸಿಬೆಲ್ ಲೆಕ್ಕ ಅನ್ವಯಿಸಲ್ಲ.

ಆಂಪಿಗೆ ತನ್ನದೇ ದನಿ ಇದೆ ಅಂತಾರಲ್ಲ?

ಆ ಪ್ರಶ್ನೆ ಬೇಡ.

1985ರಲ್ಲಿ ಆಂಪ್ ತಯಾರಕ ಬಾಬ್ ಕಾರ್ವರ್...

ಗೊತ್ತು, ಗೊತ್ತು. ‘ನೀವು ಹೇಳಿದ ದುಬಾರಿ ಆಂಪಿನ ಹಾಗೆ ನನ್ನ ಅಗ್ಗದ ಆಂಪನ್ನ ಹಾಡಿಸ್ತೀನಿ’ ಅಂತ ‘ಸ್ಟೀರಿಯೋಫೈಲ್’ ಪತ್ರಿಕೆಯವರಿಗೆ ಸವಾಲು ಹಾಕಿದ. ಎರಡರ ಔಟ್‌ಪುಟ್ಟಿನ ವ್ಯತ್ಯಾಸವನ್ನಷ್ಟೇ ಕೇಳ್ತಾ, ಆ ಸದ್ದು ಅಡಗೋ ತನಕ ಒಳಗೆ ಕೈಯಾಡಿಸಿದ. ಕೊನೆಗೆ ವಿಮರ್ಶಕರಿಗೂ ಯಾವುದು ಯಾವುದು ಅಂತ ಬಗೆಹರಿಯಲಿಲ್ಲ. ಇನ್ನೂ ಹೇಳ್ತೀನಿ ಕೇಳಿ: ಬಹುಪಾಲು ವಾಲ್ವ್ ಆಂಪ್‌ಗಳ ಔಟ್‌ಪುಟ್ ಪ್ರತಿರೋಧ ಜಾಸ್ತಿ. ಸ್ಪೀಕರಿನ ಓಮ್ ಒಂದು ಸ್ವರಕ್ಕೆ ಏರಿ ಇನ್ನೊಂದಕ್ಕೆ ಇಳಿದರೆ ಸದ್ದೂ ಅದರ ಜೊತೆ ಏರಿಳಿಯುತ್ತೆ. ಅಂಗಡಿಯವರು ಅದಕ್ಕೆ ‘ಬೆಚ್ಚನೆಯ ದನಿ’ ಅಂತ ಹೆಸರಿಟ್ಟು ಮಾರ್ತಾರೆ. ನನ್ನ ರಿಬ್ಬನ್ನಿನ ಓಮ್ ಹೆಚ್ಚು ಅಲ್ಲಾಡಲ್ಲ. ನಾನು ಕೊಲ್ಲೋದಾದರೂ ಎಲ್ಲ ಸ್ವರದಲ್ಲೂ ಸಮನಾಗಿ ಕೊಲ್ತೀನಿ.

ಕೊನೆಯ ಪ್ರಶ್ನೆ. ನಿಮ್ಮನ್ನ 4 ಓಮ್‌ಗೂ ಬದಲಿಸಿಕೊಳ್ಳಬಹುದು, ಆಗ ಆಂಪ್‌ಗಳು ಬದುಕುತ್ತವೆ ಅಂತ ಕೇಳಿದ್ದೇವೆ. ನಿಜವೇ?

(ದೀರ್ಘ ಮೌನ) ಯಾರು ಹೇಳಿದ್ದು?

ನಿಮ್ಮದೇ ಕಂಪನಿ.

ಹೌದು, ಬದಲಿಸಬಹುದು. ಆದರೆ ನೋಡಿ, 4 ಓಮ್‌ನ ಸ್ಪೀಕರ್ ಊರಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಯಾವುದರ ಸಂದರ್ಶನಕ್ಕೆ ಹೋಗಿದ್ದೀರಿ ನೀವು?