ನಿಕಾಲಿ ಆಟಕ್ಕೆ ನಾಣ್ಯವೇಕೆ?

ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಪದಾಧಿಕಾರಿಗಳಿಗೆ,

ಈ ಪತ್ರ ಬರೆಯುತ್ತಿರುವುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನಿಂದ. ನಿಮ್ಮ ಯಾವ ಪಂದ್ಯವೂ ಇಲ್ಲಿ ನಡೆದಿಲ್ಲ. ಆದರೂ ನೆರೆಯವರೊಡನೆ ಪೈಪೋಟಿ ಎಂದರೇನು ಎಂಬುದು ಗಡಿಯಲ್ಲಿ ಬಾಳುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಕೇಶ್ವರ ದಾಟಿ ಸ್ವಲ್ಪ ದೂರ ಹೋದರೆ ಮಹಾರಾಷ್ಟ್ರದ ಗಡಹಿಂಗ್ಲಜ. ಅಲ್ಲಿಂದ ಹರಿದು ಬರುವ ಹಿರಣ್ಯಕೇಶಿ ನಮ್ಮ ಹೊಲಗಳಿಗೆ ನೀರುಣಿಸಿ, ಘಟಪ್ರಭೆಯನ್ನು ಕೂಡಿಕೊಂಡು, ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಗಡಹಿಂಗ್ಲಜ ಚಿಕ್ಕ ಊರಾದರೂ ಫುಟ್‌ಬಾಲ್ ಹುಚ್ಚಿನ ಊರು; ದೀಪಾವಳಿ ಹೊತ್ತಿಗೆ ಅಲ್ಲಿ ನಡೆಯುವ ಟೂರ್ನಿಗೆ ಹೊರರಾಜ್ಯಗಳ ತಂಡಗಳೂ ಬರುತ್ತವೆ. ಇನ್ನೂ ಮುಂದೆ ಹೋದರೆ ಕೊಲ್ಹಾಪುರ. ಅಲ್ಲಿ ಪೇಟೆಪೇಟೆಯ ಕುಸ್ತಿ ತಾಲೀಮುಗಳೇ ಫುಟ್‌ಬಾಲ್ ತಂಡಗಳಾಗಿವೆ. ಪಾಟಾಕಡೀಲ್ ತಾಲೀಮು, ಖಂಡೋಬಾ ತಾಲೀಮು ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಗಡಿ ತಂಟೆ ಎದ್ದಾಗ ಎರಡೂ ರಾಜ್ಯಗಳ ಬಸ್ಸುಗಳು ನಡುದಾರಿಯಲ್ಲೇ ನಿಲ್ಲುತ್ತವೆ, ಬೋರ್ಡಿಗೆ ಮಸಿ ಬೀಳುತ್ತದೆ. ತಂಟೆ ತಣ್ಣಗಾದ ಮೇಲೆ ಸಂತೆ, ಬೀಗತನ, ಆಟ ಎಲ್ಲವೂ ಮೊದಲಿನಂತೆ ಸಾಗುತ್ತವೆ. ಆದ್ದರಿಂದ ನೆರೆಯವನನ್ನು ಸೋಲಿಸುವ ಆಸೆಯನ್ನು ನಾನು ತಪ್ಪೆನ್ನುವುದಿಲ್ಲ. ನೆರೆಯವನನ್ನು ಸರಿಯಾಗಿ ಸೋಲಿಸಬೇಕು ಎಂಬುದಷ್ಟೇ ನನ್ನ ಮಾತು.

2023ರ ಜೂನ್ 21ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಿಮ್ಮ ಪುರುಷರ ಟೂರ್ನಿಯ ಪಂದ್ಯದಲ್ಲಿ ಭಾರತ ಮತ್ತು ಪಾಕಿಸ್ತಾನ ಎದುರಾದವು. ಸುನಿಲ್ ಚೆಟ್ರಿ ಮೂರು ಗೋಲು, ಉದಾಂತ ಸಿಂಗ್ ಒಂದು. ಭಾರತಕ್ಕೆ 4–0 ಜಯ. ಮಳೆಯಲ್ಲಿ ತೋಯುತ್ತಾ ಕೂಗಿದ ಪ್ರೇಕ್ಷಕರ ಸಂತೋಷಕ್ಕೆ ನಾನು ಕಲ್ಲು ಹಾಕಲಾರೆ, ನನಗೂ ಅಷ್ಟೇ ಸಂತೋಷವಾಗಿತ್ತು. ಆದರೆ ಪಾಕಿಸ್ತಾನದ ತಂಡ ಬೆಂಗಳೂರಿಗೆ ಬಂದಿಳಿದದ್ದು ಪಂದ್ಯದ ದಿನವೇ. ಮಾರಿಷಸ್‌ನಲ್ಲಿದ್ದ ಆಟಗಾರರಿಗೆ ವೀಸಾ ತಡವಾಯಿತು. ರಾತ್ರಿಯಿಡೀ ಪ್ರಯಾಣ ಮಾಡಿದವರು ಸಂಜೆ ಏಳೂವರೆಗೆ ಮೈದಾನದಲ್ಲಿದ್ದರು. ಅವರ ಫುಟ್‌ಬಾಲ್ ಸಂಸ್ಥೆಯ ಮೇಲಿನ ಫಿಫಾ ನಿಷೇಧ ತೆರವಾಗಿದ್ದೇ 2022ರ ಜೂನ್ ಕೊನೆಗೆ. ಮೊದಲೇ ಆಟ ಕಡಿಮೆಯಾಗಿದ್ದ ತಂಡಕ್ಕೆ ನಿದ್ದೆಯೂ ಇಲ್ಲದಂತಾಯಿತು.

ಮೂಡಲಗಿ, ಗೋಕಾಕ ಸೀಮೆಯ ಜಾತ್ರೆಗಳಲ್ಲಿ ಕುಸ್ತಿ ನೋಡಿದವರಿಗೆ ನನ್ನ ಅಸಮಾಧಾನ ಅರ್ಥವಾಗುತ್ತದೆ. ಅಲ್ಲಿ ಜೋಡಿ ಹಚ್ಚುವಾಗ ಹಿರಿಯರು ಎರಡೂ ಪೈಲ್ವಾನರ ಮೈಕಟ್ಟು ನೋಡುತ್ತಾರೆ, ತೂಕ ನೋಡುತ್ತಾರೆ. ದಣಿದು ಬಂದವನನ್ನು ಹಾಗೇ ಕಣಕ್ಕೆ ದೂಡಿದರೆ ಸುತ್ತ ಕುಳಿತ ಜನವೇ ಎದ್ದು ಕೇಳುತ್ತಾರೆ. ಗೆದ್ದವನಿಗೂ ಅಂಥ ಗೆಲುವು ಬೇಡ. ಆ ದಿನ ಚೆಟ್ರಿಯಂಥ ಆಟಗಾರನ ಮೂರು ಗೋಲುಗಳಿಗೂ ಇನ್ನೂ ಗಟ್ಟಿ ಎದುರಾಳಿಗಳು ಸಿಗಬೇಕಿತ್ತು. ವೀಸಾ ಕೊಡುವವರು ನೀವಲ್ಲ, ಅದು ಸರಿ. ಆದರೆ ವೇಳಾಪಟ್ಟಿ ನಿಮ್ಮದು. ಆ ಒಂದು ಪಂದ್ಯವನ್ನು ಎರಡು ದಿನ ಮುಂದಕ್ಕೆ ಹಾಕುವ ಮಾತನ್ನು ಆಡಬೇಕಾದವರು ನೀವೇ.

ಆ ಟೂರ್ನಿಯ ಫೈನಲ್ ಜುಲೈ 4ರಂದು ನಡೆಯಿತು. ಭಾರತಕ್ಕೆ ಎದುರಾಗಿ ನಿಂತದ್ದು ಕುವೈತ್. ದಕ್ಷಿಣ ಏಷ್ಯಾದ ಕಿರೀಟಕ್ಕಾಗಿ ಕೊಲ್ಲಿ ರಾಷ್ಟ್ರವೊಂದು ಸೆಣಸಿತು. ಅಫ್ಘಾನಿಸ್ತಾನ 2015ರಲ್ಲೇ ನಿಮ್ಮ ಒಕ್ಕೂಟ ಬಿಟ್ಟು ಮಧ್ಯ ಏಷ್ಯಾದ ಕಡೆ ಹೋಗಿತ್ತು. ಶ್ರೀಲಂಕಾ ಫಿಫಾದ ಅಮಾನತಿನಲ್ಲಿತ್ತು. ಕುವೈತ್ ಮತ್ತು ಲೆಬನಾನ್‌ಗಳನ್ನು ಅತಿಥಿಗಳಾಗಿ ಕರೆದಿರಿ. ಅತಿಥಿಗಳ ಬಗ್ಗೆ ನನಗೆ ದೂರಿಲ್ಲ. ಅವರಿಂದಲೇ ಟೂರ್ನಿಗೆ ತೂಕ ಬಂತು. ಫೈನಲ್ 1–1ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಮಹೇಶ್ ಸಿಂಗ್ ಗೋಲು ಹೊಡೆದು, ಖಾಲಿದ್ ಹಾಜಿಯಾನ ಒದೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದಾಗ 5–4ರಿಂದ ಭಾರತ ಗೆದ್ದಿತು. ಕಂಠೀರವ ಕಂಡ ಅತ್ಯುತ್ತಮ ರಾತ್ರಿಗಳಲ್ಲಿ ಅದೊಂದು. ನನ್ನ ಕೊರಗು ಬೇರೆ. 1997ರಿಂದ ಇಂದಿನವರೆಗೆ ನಿಮ್ಮ ಪುರುಷರ ಟೂರ್ನಿಯ ಫೈನಲ್‌ಗೆ ಪಾಕಿಸ್ತಾನ ಒಮ್ಮೆಯೂ ಬಂದಿಲ್ಲ. ಉಪಖಂಡದಲ್ಲೇ ಹೆಚ್ಚು ಬಿಸಿ ಹುಟ್ಟಿಸುವ ಜೋಡಿಯೊಂದು ನಿಮ್ಮ ಕಣದ ಕೊನೆಯ ದಿನಕ್ಕೆ ಈವರೆಗೆ ಉಳಿದೇ ಇಲ್ಲ. ನೆರೆಯವರು ಬಲವಾಗಿ ಬೆಳೆಯಲಿ ಎಂದು ನಾನು ಬಯಸುವುದು ಧರ್ಮಬುದ್ಧಿಯಿಂದಲ್ಲ, ಒಳ್ಳೆಯ ಫೈನಲ್ ನೋಡುವ ಆಸೆಯಿಂದ.

ನೆರೆಯವರಿಬ್ಬರು ನಿಜವಾಗಿ ಸಮನಾಗಿ ನಿಂತ ಫೈನಲ್ ಒಂದು ನಿಮಗೆ ಸಿಕ್ಕಿತ್ತು. 2024ರ ಫೆಬ್ರುವರಿ 8, ಢಾಕಾ, 19 ವರ್ಷದೊಳಗಿನ ಹುಡುಗಿಯರ ಟೂರ್ನಿ. ಶಿಬಾನಿ ದೇವಿ ಆರಂಭದಲ್ಲೇ ಭಾರತಕ್ಕೆ ಗೋಲು ತಂದಳು. ಆಟ ಮುಗಿಯಿತೆನ್ನುವಷ್ಟರಲ್ಲಿ, ಹೆಚ್ಚುವರಿ ನಿಮಿಷಗಳಲ್ಲಿ, ಬಾಂಗ್ಲಾದೇಶದ ಸಾಗರಿಕಾ ಅದನ್ನು ಸರಿಗಟ್ಟಿದಳು. ಆಮೇಲೆ ಪೆನಾಲ್ಟಿ. ಒಂದೊಂದು ತಂಡದ ಹನ್ನೊಂದು ಹುಡುಗಿಯರೂ, ಗೋಲ್‌ಕೀಪರ್‌ಗಳು ಸೇರಿ, ಸರದಿಯಲ್ಲಿ ಬಂದು ಒದ್ದರು. 22 ಒದೆತ, 22 ಗೋಲು! ವಿಶ್ವಕಪ್ ಆಡಿದ ದೊಡ್ಡ ದೊಡ್ಡ ಹೆಸರಿನವರು ಚೆಂಡನ್ನು ಗೋಲುಕಂಬದ ಮೇಲೆ ಹಾರಿಸಿದ್ದನ್ನು ಎಷ್ಟು ಸಲ ನೋಡಿಲ್ಲ? ಇಲ್ಲಿ ಪ್ರೇಕ್ಷಕರೆದುರು ಒಬ್ಬ ಹುಡುಗಿಯ ಕಾಲೂ ನಡುಗಲಿಲ್ಲ.

ಆಗ ಪಂದ್ಯದ ಅಧಿಕಾರಿಗಳು ನಾಣ್ಯ ಚಿಮ್ಮಿಸಿದರು.

ಟಾಸ್ ಭಾರತಕ್ಕೆ ಬಿತ್ತು, ನಮ್ಮ ಹುಡುಗಿಯರು ಕುಣಿದರು. ಬಾಂಗ್ಲಾದೇಶದವರು ಮೈದಾನ ಬಿಡದೆ ಪ್ರತಿಭಟಿಸಿದರು, ಪ್ರೇಕ್ಷಕರು ಬಾಟಲಿ ಎಸೆದರು. ಆಮೇಲೆ ಗೊತ್ತಾದದ್ದು, ನಿಯಮದಲ್ಲಿ ಟಾಸ್ ಇಲ್ಲವೇ ಇಲ್ಲವೆಂದು. ಮತ್ತೆ ಪೆನಾಲ್ಟಿ ಮುಂದುವರಿಸಿ ಎಂದರೆ ಗೆದ್ದೆವೆಂದು ನಂಬಿದ ಭಾರತ ತಂಡ ಒಪ್ಪಲಿಲ್ಲ. ತುಂಬಾ ಹೊತ್ತಿನ ಮೇಲೆ ಇಬ್ಬರನ್ನೂ ಜಂಟಿ ವಿಜೇತರೆಂದು ಸಾರಿದಿರಿ. ಎರಡೂ ಕಡೆಯ ಹುಡುಗಿಯರಿಗೆ ಮೋಸವಾಯಿತು ಎಂದೇ ನಾನು ಹೇಳುತ್ತೇನೆ. ಒಂದು ಕಡೆಯವರ ಕೈಗೆ ಬಂದ ಗೆಲುವನ್ನು ಕಿತ್ತುಕೊಂಡಿರಿ, ಇನ್ನೊಂದು ಕಡೆಯವರ ಮೇಲೆ ಆಡದೇ ಬಂದ ಸೋಲನ್ನು ಹೊರಿಸಿದಿರಿ. ಜಂಟಿ ಪ್ರಶಸ್ತಿ ತಪ್ಪಲ್ಲ. ನಮ್ಮ ಕಣಗಳಲ್ಲೂ ಇಬ್ಬರೂ ಸಮನಾದರೆ ಇಬ್ಬರ ಕೈಯನ್ನೂ ಮೇಲೆತ್ತುತ್ತಾರೆ. ಆದರೆ ನಿಕಾಲಿ ಕುಸ್ತಿ, ಅಂದರೆ ಸೋಲು ಗೆಲುವು ತೀರ್ಮಾನವಾಗಲೇಬೇಕಾದ ಕುಸ್ತಿ, ಎಂದು ಸಾರಿದ ಮೇಲೆ ನಿಕಾಲಿ ಆಗುವವರೆಗೆ ಆಡಿಸಲೇಬೇಕು.

ಫುಟ್‌ಬಾಲ್ ಲೋಕ ನಾಣ್ಯವನ್ನು ಕೈಬಿಟ್ಟು ಅರ್ಧ ಶತಮಾನ ದಾಟಿತು. 1968ರ ಯುರೋಪಿಯನ್ ಚಾಂಪಿಯನ್‌ಷಿಪ್ ಸೆಮಿಫೈನಲ್‌ನಲ್ಲಿ ಇಟಲಿ ಸೋವಿಯತ್ ಒಕ್ಕೂಟವನ್ನು ದಾಟಿದ್ದು ಟಾಸ್‌ನಿಂದ. ಅದೇ ವರ್ಷ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ಚೀಟಿ ಎತ್ತುವುದರಲ್ಲಿ ಬಲ್ಗೇರಿಯಕ್ಕೆ ಸೋತಿತು. ಇದು ಆಟಕ್ಕೆ ಮಾಡಿದ ಅವಮಾನವೆಂದು ಇಸ್ರೇಲಿನ ಯೋಸೆಫ್ ದಗಾನ್ ಹಟ ಹಿಡಿದು ವಾದಿಸಿದರು. 1970ರ ಜೂನ್‌ನಲ್ಲಿ ಪೆನಾಲ್ಟಿ ಒದೆತ ನಿಯಮಪುಸ್ತಕ ಸೇರಿತು. ಈಗ ಅದು 10ನೆಯ ನಿಯಮದಲ್ಲಿದೆ: ಎಲ್ಲರ ಸರದಿ ಮುಗಿದರೂ ಸಮವಾಗಿದ್ದರೆ ಮತ್ತೊಂದು ಸುತ್ತು, ತೀರ್ಮಾನವಾಗುವವರೆಗೆ. ಆ ಹುಡುಗಿಯರಲ್ಲಿ ಯಾರೂ ಹುಟ್ಟದಿದ್ದಾಗಲೇ ಬರೆದ ನಿಯಮ ಅದು. ಅವರ ಮೈದಾನದಲ್ಲಿದ್ದ ಹಿರಿಯರಿಗೆ ಅದು ಬಾಯಿಗೆ ಬರುವಂತಿರಬೇಕಿತ್ತು.

ನೆರೆಯವರ ಫೈನಲ್ ಎಲ್ಲ ಕಡೆಯೂ ಕಷ್ಟದ್ದೇ. 1930ರಲ್ಲಿ ಮೊದಲ ವಿಶ್ವಕಪ್ ಫೈನಲ್‌ಗೆ ಉರುಗ್ವೆ ಮತ್ತು ಅರ್ಜೆಂಟೀನಾ ಬಂದಾಗ ಯಾರ ಚೆಂಡಿನಲ್ಲಿ ಆಡಬೇಕೆಂದೇ ಜಗಳವಾಯಿತು. ಒಂದು ಅವಧಿಗೆ ಒಬ್ಬರ ಚೆಂಡು, ಇನ್ನೊಂದಕ್ಕೆ ಮತ್ತೊಬ್ಬರದು ಎಂದು ಬಗೆಹರಿಸಿ ಆಟ ನಡೆಸಿದರು. ಉರುಗ್ವೆ 4–2ರಿಂದ ಗೆದ್ದಿತು. ಜಗಳ ಬಂದಾಗ ಅವರು ಆಟವನ್ನು ಉಳಿಸುವ ದಾರಿ ಹುಡುಕಿದರು.

ಭಾರತ, ಬಾಂಗ್ಲಾದೇಶಗಳ ನಡುವೆಯಂತೂ ಫುಟ್‌ಬಾಲ್ ಬರೀ ಆಟವಲ್ಲ. 1971ರ ಜುಲೈ 25ರಂದು ಪಶ್ಚಿಮ ಬಂಗಾಳದ ಕೃಷ್ಣನಗರದಲ್ಲಿ, ಜಕಾರಿಯಾ ಪಿಂಟು ನಾಯಕತ್ವದ ಸ್ವಾಧೀನ್ ಬಾಂಗ್ಲಾ ತಂಡ ನದಿಯಾ ಜಿಲ್ಲೆಯ ತಂಡದ ಎದುರು ಆಡಿತು. ಆ ದೇಶಕ್ಕೆ ಇನ್ನೂ ಯಾರ ಮನ್ನಣೆಯೂ ಇರಲಿಲ್ಲ, ಭಾರತ ಮನ್ನಣೆ ಕೊಟ್ಟದ್ದು ಡಿಸೆಂಬರ್ 6ರಂದು. ಆದರೂ ಆ ಮೈದಾನದಲ್ಲಿ ಬಾಂಗ್ಲಾದೇಶದ ಬಾವುಟ ಏರಿತು. ತಂಡ ಊರೂರು ಆಡುತ್ತಾ ವಿಮೋಚನೆಯ ಹೋರಾಟಕ್ಕೆ ಹಣ ಕೂಡಿಸಿತು. ಅಂಥ ನೆರೆಯವರ ಮಕ್ಕಳು 22 ಒದೆತಗಳವರೆಗೆ ಸಮನಾಗಿ ನಿಂತಾಗ ಅವರಿಗೆ 23ನೆಯ ಒದೆತ ಸಿಗಬೇಕಿತ್ತು.

ಆದ್ದರಿಂದ ಕೇಳಿಕೊಳ್ಳುವುದಿಷ್ಟು. ಅತಿಥೇಯ ದೇಶವನ್ನು ಆರಿಸುವ ಮೊದಲು ಎಲ್ಲ ತಂಡಗಳಿಗೂ ಸಕಾಲಕ್ಕೆ ವೀಸಾ ಕೊಡುವ ಬರಹದ ಭರವಸೆಯನ್ನು ಆ ಸರ್ಕಾರದಿಂದ ಪಡೆಯಿರಿ. ಕೊಡದಿದ್ದರೆ ಟೂರ್ನಿಯನ್ನು ಬೇರೆಡೆಗೆ ಒಯ್ಯಿರಿ, ಅದು ನಮ್ಮ ದೇಶವೇ ಆಗಿದ್ದರೂ ಸರಿ. ಬಂದಿಳಿದ ತಂಡಕ್ಕೆ ಮೊದಲ ಪಂದ್ಯಕ್ಕೆ ಮುಂಚೆ ಕನಿಷ್ಠ ಎರಡು ರಾತ್ರಿ ನಿದ್ದೆ ಸಿಗಲಿ. ಫೈನಲ್‌ಗೆ ಮುನ್ನ ಎರಡೂ ನಾಯಕರನ್ನು ಕೂರಿಸಿ, ಸಮವಾದರೆ ಏನಾಗುತ್ತದೆಂದು ಅವರವರ ಭಾಷೆಯಲ್ಲಿ ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ. ಶಿಬಾನಿ ಮತ್ತು ಸಾಗರಿಕಾರ ತಂಡಗಳನ್ನು ಮತ್ತೊಮ್ಮೆ ಕರೆದು ಒಂದು ಪಂದ್ಯ ಆಡಿಸಿ. ಬೆಳಗಾವಿಯಲ್ಲಿ ಆಡಿಸಿದರೆ ಗೋಕಾಕ, ಮೂಡಲಗಿ, ಹುಕ್ಕೇರಿಯಿಂದ ನಾವು ಬರುತ್ತೇವೆ, ಗಡಿಯಾಚೆಯ ಗಡಹಿಂಗ್ಲಜದವರೂ ಬರುತ್ತಾರೆ.

ಇಂತಿ,
ಹುಕ್ಕೇರಿ ತಾಲ್ಲೂಕಿನ ಒಬ್ಬ ಫುಟ್‌ಬಾಲ್ ಪ್ರೇಮಿ