ಕಾಯಿಲ್‌ಗೆ ಬಂದ ಕಾಯಿಲೆ

ಪುಣೆಯ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಆರೈಕೆ ನನ್ನ ಪಾಲಿಗೆ ಬಂದಿದೆ. ಬೆಳಿಗ್ಗೆ ಆರಕ್ಕೆ ಅದಕ್ಕೆ ಯಾವ ರೋಗವೂ ಇರುವುದಿಲ್ಲ. ಗಂಟೆ ಓಡಿ ಬಿಸಿಲೇರಿತೋ, ಹುಲ್ಲು ಕತ್ತರಿಸುವ ಅಲಗಿನ ಉರುಳೆಗಳು, ಅಂದರೆ ಮೂರು ರೀಲುಗಳೂ, ಗಪ್ಪನೆ ನಿಂತುಬಿಡುತ್ತವೆ. ಎಂಜಿನ್ ಮಾತ್ರ ತನಗೇನೂ ಗೊತ್ತಿಲ್ಲವೆಂಬಂತೆ ಗುರುಗುಡುತ್ತಿರುತ್ತದೆ.

"ಕಾಯಿಲ್ ಹೋಗೇತ್ರಿ ಅಣ್ಣಾ" ಎಂದ ನನ್ನ ಸಹಾಯಕ. ಅಕ್ಕಲಕೋಟೆಯ ಹುಡುಗ. ನನ್ನ ಕೂಡ ಕನ್ನಡ, ಯಂತ್ರದ ಕೂಡ ಮರಾಠಿ ಬೈಗುಳ.

ಸೊಲೆನಾಯ್ಡ್ ಕಾಯಿಲ್ ಎಂದರೆ ದೊಡ್ಡ ಲಿಂಬೆಹಣ್ಣಿನಷ್ಟಿರುವ ಕರಿ ಗುಂಡು. ಹೊಟ್ಟೆ ತುಂಬ ತಾಮ್ರದ ತಂತಿ. 12 ವೋಲ್ಟ್ ಕೊಟ್ಟರೆ ಅಯಸ್ಕಾಂತವಾಗಿ ವಾಲ್ವಿನ ಕಡ್ಡಿಯನ್ನು ಎಳೆಯುತ್ತದೆ, ರೀಲಿನ ಮೋಟಾರಿಗೆ ಎಣ್ಣೆ ಹರಿಯುತ್ತದೆ. ತಂತಿಯ ರೋಧ 8 ಓಮ್ ಇದ್ದರೆ 1.5 ಆಂಪಿಯರ್, 18 ವ್ಯಾಟ್ ಶಾಖವನ್ನು ಅದು ತನ್ನೊಳಗೇ ನುಂಗಿಕೊಂಡು ಕೂರಬೇಕು.

ಸುಮ್ಮನೆ ಬದಲಿಸುವ ಜಾತಿಯವನಲ್ಲ ನಾನು, ಅಳೆದು ನೋಡುವವನು. ಯಂತ್ರ ನಿಂತೊಡನೆ ಗೇಟಿನ ಬಳಿಯ ಅಮೃತತುಲ್ಯಕ್ಕೆ, ಅಂದರೆ ಪುಣೆಯ ಚಹಾದಂಗಡಿಗೆ, ಹೋಗಿ ಚಹಾ ಕುಡಿದು, ತಲೆ ತಣ್ಣಗೆ ಮಾಡಿಕೊಂಡು ಬಂದು ಮೀಟರ್ ಹಚ್ಚುವುದು ನನ್ನ ಪದ್ಧತಿ. 8.1! ಮರುದಿನವೂ 8.1. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ತಪ್ಪಿಲ್ಲದೆ ಮಗ್ಗಿ ಒಪ್ಪಿಸುವ ಹುಡುಗನ ಹಾಗೆ. ಕೀಲಿ ತಿರುಗಿಸಿ ಕಾಯಿಲ್ ಬಳಿ ಸ್ಕ್ರೂಡ್ರೈವರ್ ಹಿಡಿದರೆ ಟಕ್ಕೆಂದು ಅಂಟಿಕೊಂಡಿತು. 1820ರಲ್ಲಿ ವಿದ್ಯುತ್ ಹರಿವ ತಂತಿಯ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗಿದಾಗ ವಿಜ್ಞಾನಿ ಆರ್ಸ್ಟೆಡ್‌ಗೆ ಆದ ಬೆರಗು ನನಗೂ ಆಗುತ್ತದೆ. ಸಂಬಳಕ್ಕೆ ಮಾಡುವುದರಿಂದ ತುಸು ಕಡಿಮೆ. ಫ್ಯೂಸು, ರಿಲೇ, ಸ್ವಿಚ್ಚು ಎಲ್ಲ ಬದಲಾದವು. ಇನ್ನು ಬದಲಾಗಬೇಕಾದವನು ನಾನೇ ಎಂದು ಮೇಲಿನವರು ಯೋಚಿಸತೊಡಗಿದ್ದರು.

ಒಂದು ದಿನ ಚಹಾದವನು ಊರಿಗೆ ಹೋಗಿದ್ದ. ಬೇರೆ ಕೆಲಸವಿಲ್ಲದೆ ನಿಂತಲ್ಲೇ ಕನೆಕ್ಟರ್ ಕಿತ್ತೆ. ಬೆರಳು ಚುರ್ ಎಂದಿತು. ಮೀಟರಿನ ಎಡ ಅಂಚಿನಲ್ಲಿ ಒಂಟಿ 1.

"ಒಂದೇ ಓಮ್ ಐತ್ರಿ, ಶಾರ್ಟ್ ಆಗೇತಿ."

"ಅದು ಒಂದಲ್ಲೋ ತಮ್ಮಾ. ಎಡಕ್ಕೆ ಹೀಗೆ ಒಂದು ನಿಂತರೆ ಅನಂತ ಅಂತ ಅರ್ಥ. ಒಳಗೆ ತಂತಿ ಕಡಿದಿದೆ. ಕಾದಾಗ ಬಾಯಿ ಬಿಡುತ್ತೆ, ಆರಿದಾಗ ಕೂಡಿಕೊಳ್ಳುತ್ತೆ."

"ಒಂದಂದ್ರ ಅನಂತ ಅಂತ ನಮ್ಮೂರ ಮಠದಾಗೂ ಹೇಳ್ತಾರ್ರಿ" ಎಂದು ಅವನು ಕೈಮುಗಿದ. ಕಾಯಿಲ್‌ಗೋ ಮೀಟರಿಗೋ ತಿಳಿಯಲಿಲ್ಲ.

ಅಂದರೆ ಇಷ್ಟು ದಿನವೂ ಕಾಯಿಲ್ ಆರಲಿ ಎಂದೇ ನಾವು ಚಹಾ ಕುಡಿದಂತಾಗಿತ್ತು. ಇದನ್ನು ಮೇಲಿನವರಿಗೆ ಹೇಳಲಿಲ್ಲ. ಹೊಸ ಕಾಯಿಲ್ ತರಲು ಬೈಕ್ ಹತ್ತಿ ಪೇಠಿನ ಅಂಗಡಿಗೆ ಹೋದೆ. ಗಂಟೆ ಒಂದೂವರೆ. ಷಟರ್ ಮೇಲೆ ಬೋರ್ಡು: 1ರಿಂದ 4 ಬಂದ್.

ಎದುರಿಗೇ ಒಂದು ಅಮೃತತುಲ್ಯ ತೆರೆದಿತ್ತು.